ಆಲಂಕಾರಿನ ಪಿಕಪ್ಪಿನ ಬೆಳಗಿನ ನರಳಾಟ

ಕಬಕದ ಕಿಟ್ಟಣ್ಣನ ಗ್ಯಾರೇಜಿನಲ್ಲಿ ಬಿಟ್ಟರೆ ಗಾಡಿಗೂ ನಿದ್ದೆ ಹತ್ತುತ್ತದೆ ಎಂದು ಪುತ್ತೂರಿನವರು ಚೇಷ್ಟೆ ಮಾಡುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬಾನೆಟ್ ತೆರೆದಿಟ್ಟು, ಎಂಜಿನ್ ಸ್ಟಾರ್ಟ್ ಮಾಡಿ, ಗೋಳಿಮರದ ಬುಡದಲ್ಲಿ ಕಣ್ಣುಮುಚ್ಚಿ ಕೂತರೆ ಅವನಿಗೆ ಈ ಲೋಕವೇ ಬೇಡ. ಮಂದಿ ಅದನ್ನು ತೂಕಡಿಕೆ ಎನ್ನುತ್ತಿದ್ದರು, ಅವನು ಕೇಳಿಸಿಕೊಳ್ಳುವುದು ಎನ್ನುತ್ತಿದ್ದ. ಎರಡೂ ನಿಜವೇ. ಶಬ್ದದ ಜಾಡು ಹಿಡಿದು ಹೋದರೆ ತೋಡಿನ ದಂಡೆಯಲ್ಲಿ ನಡೆದ ಹಾಗಾಗುತ್ತದೆ, ಕೊನೆಗೆ ಎಲ್ಲೋ ಒಂದು ಸವೆದ ಬೇರಿಂಗು ಕೂತಿರುತ್ತದೆ ಎಂದು ಒಮ್ಮೆ ಹೆಂಡತಿ ಅಮ್ಮುವಿಗೆ ವಿವರಿಸಿದ್ದ. "ಹಾಗಾದ್ರೆ ಬರುವಾಗ ಆ ತೋಡಿನಿಂದ ಒಂದು ಕೊಡ ನೀರಾದ್ರೂ ತನ್ನಿ" ಎಂದಿದ್ದಳು ಅವಳು.

ಎಂಬತ್ತನಾಲ್ಕರ ಡಿಸೆಂಬರಿನಲ್ಲಿ ಆಲಂಕಾರಿನ ಹರಿಣಾಕ್ಷಿ ತಂದ ಪಿಕಪ್ ಮಾತ್ರ ಅವನಿಗೆ ಯಾವ ಜಾಡನ್ನೂ ಕೊಡಲಿಲ್ಲ. ಯಾವುದೋ ದೊಡ್ಡ ಕಾಮಗಾರಿ ಮುಗಿದಾಗ ಹರಾಜಿಗೆ ಬಂದ ಪರದೇಶದ ಗಾಡಿ ಅದು. ಪವರ್ ಸ್ಟಿಯರಿಂಗ್ ಎಂಬ ಚೋದ್ಯ ಅದರಲ್ಲಿತ್ತು. ಎಂಜಿನ್ನಿನ ಬದಿಯ ಪಂಪು ಎಣ್ಣೆಯನ್ನು ಒತ್ತಿ ಕೊಡುತ್ತದೆ, ಸ್ಟಿಯರಿಂಗಿನ ಚಕ್ರ ಒಂದೇ ಬೆರಳಿಗೆ ತಿರುಗುತ್ತದೆ. ಹರಿಣಾಕ್ಷಿಗೆ ಅದು ಷೋಕಿಯಲ್ಲ. ಹಿಂದೆ ಮುರಿದ ಅವಳ ಬಲ ಹೆಗಲು ಕೂಡಿಕೊಂಡಿದ್ದರೂ ಎಳೆಯುವ ಬಲ ಮರಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಕೊಕ್ಕೋ ಸಸಿಗಳನ್ನು ಬೆಳೆಸಿ, ಕಡಬ, ಸುಳ್ಯ ಎಂದು ತಾನೇ ಹೇರಿಕೊಂಡು ಹೋಗುತ್ತಿದ್ದಳು. ಈ ಗಾಡಿ ಹೋದರೆ ಬೇರೆ ಗಾಡಿ ಅವಳ ಕೈಗೆ ಬಗ್ಗುವುದಿಲ್ಲ.

"ಬೆಳಿಗ್ಗೆ ಹೊರಡುವಾಗ ಗಾಣದ ಹಾಗೆ ನರಳ್ತದೆ ಕಿಟ್ಟಣ್ಣ. ಸ್ಟಿಯರಿಂಗ್ ಕಲ್ಲಿನ ಹಾಗೆ. ಇಲ್ಲಿಗೆ ಮುಟ್ಟುವಾಗ ಸದ್ದೇ ಇಲ್ಲ!"

ಕಿಟ್ಟಣ್ಣ ಬೆಲ್ಟು ಬಿಗಿ ಮಾಡಿದ. ಸ್ಟಿಯರಿಂಗ್ ಪಂಪಿನ ಎಣ್ಣೆ ಡಬ್ಬಿಯ ಮುಚ್ಚಳ ತೆರೆದ. ಎಣ್ಣೆ ತುಂಬಾ ಇತ್ತು, ಬಣ್ಣ ಮಾತ್ರ ತಿಳಿ. ಪರದೇಶದ್ದು ಹಾಗೆಯೇ ಇರಬೇಕು ಎಂದುಕೊಂಡ. ಮೂಗಿಗೆ ಕೊಬ್ಬರಿಯ ವಾಸನೆ ಬಂತು. ಪಕ್ಕದಲ್ಲಿ ನಿಂತವಳ ತಲೆಗೂದಲಿನದು ಎಂದು ಮರ್ಯಾದೆಯಿಂದ ಮುಖ ಬೇರೆ ಕಡೆ ತಿರುಗಿಸಿದ. ಮರುವಾರ ಅವಳು ಮತ್ತೆ ಬಂದಾಗಲೂ ಗಾಡಿ ಮೌನ.

"ಭಾವ ಹೇಳ್ತಾರೆ, ಶಬ್ದ ಇರುದು ನನ್ನ ತಲೆಯಲ್ಲಂತೆ" ಎಂದಳು. ಗಂಡನ ಅಣ್ಣ ಮಹೇಶ್ವರನಿಗೆ ಹೆಂಗಸರು ಗಾಡಿ ಬಿಡುವುದು ಮೊದಲೇ ಆಗದು. "ನಾಡಿದ್ದು ತೆಕ್ಕೊಳ್ಳುವವನನ್ನು ಕರ್ಕೊಂಡು ಬರ್ತಾರೆ. ಗಾಡಿ ಇರುದು ಅತ್ತೆಯ ಹೆಸರಲ್ಲಿ. ಅವರು ಮಗನ ಮಾತಿಗೆ ಎದುರು ಹೇಳುದಿಲ್ಲ."

ಅವಳ ಕಣ್ಣು ತುಂಬಿದ್ದು ನೋಡಿ ಕಿಟ್ಟಣ್ಣನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಮರುದಿನ ಸಂಜೆಯ ಬಸ್ಸಿಗೆ, ಸಾಮಾನಿನ ಚೀಲ ಮತ್ತು, ಬೇಕಾದರೆ ಇರಲಿ ಎಂದು ಮಂಗಳೂರಿನಿಂದ ತರಿಸಿದ್ದ, ಪವರ್ ಸ್ಟಿಯರಿಂಗಿಗೆಂದೇ ಸಿಗುವ ಕೆಂಪು ಎಣ್ಣೆಯ ಡಬ್ಬದೊಂದಿಗೆ ಆಲಂಕಾರಿಗೆ ಹೊರಟ. ನರಳಾಟ ಬೆಳಗಿನದಾದರೆ ಬೆಳಿಗ್ಗೆಯೇ ಕೇಳಬೇಕಲ್ಲ.

ಹರಿಣಾಕ್ಷಿಯ ಮನೆಯ ಜಗಲಿಯಲ್ಲಿ ಮಲಗಿ ಎದ್ದಾಗ ಅಂಗಳದ ತುಂಬ ಮಂಜು. ಪಿಕಪ್ ಅರ್ಧ ಕಾಣುತ್ತಿತ್ತು, ಅರ್ಧ ಇನ್ನೂ ಕನಸಿನಲ್ಲೇ ಇತ್ತು. ಮುಖ ತೊಳೆಯಲು ಹೋದರೆ ಬಚ್ಚಲ ಒಲೆಯ ಎದುರು ಹರಿಣಾಕ್ಷಿಯ ಅತ್ತೆ ಈಶ್ವರಿ ಕೂತು, ತೆಂಗಿನೆಣ್ಣೆಯ ಕುಪ್ಪಿಯನ್ನು ಬೆಂಕಿಗೆ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದಳು. ಒಳಗೆ ಬೆಳ್ಳಗೆ ಹೆಪ್ಪುಗಟ್ಟಿದ್ದು ಅಂಚಿನಿಂದ ಕರಗುತ್ತಾ ತಿಳಿಯಾಗುತ್ತಿತ್ತು.

"ಈ ಚಳಿಗೆ ಎಣ್ಣೆ ಕೂಡ ಏಳುದಿಲ್ಲ ಮಗಾ" ಎಂದಳು.

ಕಿಟ್ಟಣ್ಣ ಕರಗುವ ಎಣ್ಣೆಯನ್ನೇ ನೋಡುತ್ತ ನಿಂತ. ಆಮೇಲೆ ಮುಖ ತೊಳೆಯದೆಯೇ ಅಂಗಳಕ್ಕೆ ಓಡಿ ಬಾನೆಟ್ ಎತ್ತಿ ಡಬ್ಬಿ ತೆರೆದ. ಒಳಗೆಲ್ಲ ಬೆಳ್ಳಗೆ, ಕೆನೆಗಟ್ಟಿದ ಹಾಗೆ! ಗಟ್ಟಿಯಾದದ್ದನ್ನು ಪಂಪು ಹೀರುವುದು ಹೇಗೆ? ನರಳುತ್ತದೆ. ಎಂಜಿನ್ ಬಿಸಿಯಾದಾಗ ಎಣ್ಣೆ ಕರಗುತ್ತದೆ, ಸದ್ದು ಹೋಗುತ್ತದೆ, ಹರಿಣಾಕ್ಷಿ ಸುಳ್ಳಿಯಾಗುತ್ತಾಳೆ.

"ಇದಕ್ಕೆ ತೆಂಗಿನೆಣ್ಣೆ ಹಾಕಿದ್ದು ಯಾರು?"

ಹಿಂದೆಯೇ ಬಂದ ಈಶ್ವರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಾನು. ಮೊದಲು ಸಣ್ಣಕ್ಕೆ ಶಬ್ದ ಬರ್ತಿತ್ತು. ಶಬ್ದ ನಿಲ್ಲದಿದ್ರೆ ಮಾರುದು ಅಂತ ಮಹೇಶ ಹೇಳಿದ. ಡಬ್ಬಿ ನೋಡಿದ್ರೆ ತಳ ಕಾಣ್ತದೆ. ನಮ್ಮದೇ ಕೊಬ್ಬರಿಯ ಒಳ್ಳೆ ಎಣ್ಣೆ ಹಾಕಿದೆ. ನಿಂತಿತ್ತು ಮಾರಾಯ! ಚಳಿ ಸುರುವಾದ ಮೇಲೆ... ನಾನೇ ಹಾಳು ಮಾಡಿದೆನಾ?"

ಕಿಟ್ಟಣ್ಣ ಬಗ್ಗಿ ಪೈಪುಗಳನ್ನು ಒಂದೊಂದಾಗಿ ತಡವಿದ. ಹುಡುಕಿದಾಗ ಒಂದು ಪೈಪಿನ ಕ್ಲಿಪ್ಪು ಸಡಿಲವಾಗಿತ್ತು, ಮೊದಲಿನ ಎಣ್ಣೆ ಸೋರಿದ್ದು ಅಲ್ಲಿಂದಲೇ. ಅದನ್ನು ಬಿಗಿದ. ಎಂಜಿನ್ ಬಿಸಿ ಮಾಡಿ ತೆಂಗಿನೆಣ್ಣೆಯನ್ನೆಲ್ಲ ಹರಿಸಿ, ಕೆಂಪು ಎಣ್ಣೆಯಲ್ಲಿ ತೊಳೆದು, ಹೊಸದು ತುಂಬಿದ. ಮುಂದಿನ ಗಾಲಿಗಳನ್ನು ಜಾಕಿನಲ್ಲಿ ಎತ್ತಿಟ್ಟು, ಹರಿಣಾಕ್ಷಿಗೆ ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಲು ಹೇಳಿದ. ಡಬ್ಬಿಯಲ್ಲಿ ಗುಳ್ಳೆಗಳು ಎದ್ದು ಒಡೆದವು. ಸಿಕ್ಕಿಕೊಂಡಿದ್ದ ಗಾಳಿ ಹೋಯಿತು.

ಅಷ್ಟಾಗುವಾಗ ಮಂಜು ಬಿಟ್ಟಿತ್ತು. ಹರಿಣಾಕ್ಷಿ ಅತ್ತೆಯನ್ನು ಬೈಯಲಿಲ್ಲ. ಬಾಗಿಲು ತೆರೆದು "ಹತ್ತಿ ಅತ್ತೆ, ಪುತ್ತೂರಿಗೆ ಹೋಗಿ ಬರುವ" ಎಂದಳು. ಕಿಟ್ಟಣ್ಣ ಹಿಂದೆ ಸಸಿಗಳ ನಡುವೆ ಕೂತ. ಎಳೆಯ ಎಲೆಗಳು ಕೆನ್ನೆಗೆ ತಾಗುತ್ತಿದ್ದವು, ಮೈಯೆಲ್ಲ ಹಗುರವಾಗಿತ್ತು.

ಆಲಂಕಾರು ಪೇಟೆಯ ಹತ್ತಿರ ಬಸ್ಸಿಳಿದ ಮಹೇಶ್ವರ, ಜೊತೆಯಲ್ಲೊಬ್ಬನನ್ನು ಕಟ್ಟಿಕೊಂಡು ಅಡ್ಡ ಕೈ ತೋರಿಸಿದ. "ಎಲ್ಲಿಗೆ ಅಮ್ಮ? ಇವರು ಗಾಡಿ ನೋಡ್ಲಿಕ್ಕೆ ಬಂದದ್ದು."

ಈಶ್ವರಿ ಕಿಟಕಿಯಿಂದ ತಲೆ ಹೊರಹಾಕಿದಳು. "ನೋಡಿ ಆಯ್ತಲ್ಲ. ಕೊಡುದಿಲ್ಲ ಮಗಾ. ಮುರಿದ ಕೈಯಲ್ಲಿ ಇವಳು ನನ್ನನ್ನು ಸಾಕಿದ್ದಾಳೆ. ಆ ಕೈಯನ್ನು ನಾನು ಮಾರುದಾ?"

ಮಹೇಶ್ವರ ಬದಿಗೆ ಸರಿದ. ಹರಿಣಾಕ್ಷಿ ಗಾಡಿಯನ್ನು ಪುತ್ತೂರಿನ ಕಡೆಗೆ ತಿರುಗಿಸಿದಳು.