ಕುರಿಯಜ್ಜನಿಗೆ ಓದಿ ಹೇಳಿದ ಪುಟ

ಹೋದ ವಾರ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆ ಇಳಿಸುವಾಗ ಹಳೆಯ ಬೂಟೊಂದು ಕೈಗೆ ಬಂತು. ಪಿಎಚ್‌ಡಿ ಮಾಡುವಾಗ ಗುಡ್ಡ ಸುತ್ತಿದ ಬೂಟು. ಲೇಸಿನ ಸಂದಿಗೆ ಬೆರಳು ಹಾಕಿದ್ದೇ ತಡ, ಏನೋ ಚುಚ್ಚಿತು. ನೋಡಿದರೆ ಊಬು... ಬೇಸಿಗೆಯಲ್ಲಿ ಒಣಗಿದ ಹುಲ್ಲಿನ ತುದಿಯಲ್ಲಿರುತ್ತದಲ್ಲ, ಬಟ್ಟೆಗೆ ಹತ್ತಿಕೊಂಡರೆ ಬಿಡದ ಆ ಚೂಪು ಕಡ್ಡಿ. ಇಷ್ಟು ವರ್ಷವಾದರೂ ಮೊನೆ ಮುರಿದಿರಲಿಲ್ಲ. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ನೆಲದ ಮೇಲೆ ಕೂತೆ. ಕುರಿಯಜ್ಜ ನೆನಪಾದ.

ಅಜ್ಜ ಎಂದರೆ ನನಗೆ ಸಂಬಂಧದವನೇನಲ್ಲ. ಮಾರಿಕಣಿವೆಯ ಹಿನ್ನೀರಿನಾಚೆ, ಹೊಸದುರ್ಗದ ಕಡೆಗೆ ಕುರುಚಲು ಗುಡ್ಡಗಳ ಬುಡದಲ್ಲೊಂದು ಹಟ್ಟಿ. ಅಲ್ಲಿ ಕುರಿ ಸಾಕಿಕೊಂಡಿದ್ದವನು. ನಾನೋ ಹೊಳಲ್ಕೆರೆ ಪೇಟೆಯಲ್ಲಿ ಬೆಳೆದವಳು, ದೂರದಿಂದ ಕುರಿ ಯಾವುದು ಮೇಕೆ ಯಾವುದು ಎಂದು ಹೇಳಲು ಬಾರದವಳು. ಅಂಥವಳು ಆ ಗುಡ್ಡಗಳ ತೋಳಗಳ ಮೇಲೆ ಸಂಶೋಧನೆ ಮಾಡುತ್ತೇನೆಂದು ಚಿತ್ರದುರ್ಗದಿಂದ ಬಸ್ಸು ಹತ್ತಿ ಬಂದಿದ್ದೆ. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಪ್ರಶ್ನಾವಳಿ. ಅಜ್ಜ ನನ್ನ ಬೂಟನ್ನೇ ನೋಡಿ, "ಮದುವಿಗೆ ಬಂದಂಗೆ ಬಂದೀಯಲ್ಲವ್ವ" ಅಂದ. ಆಮೇಲೆ ಎರಡು ವರ್ಷ ಅವನ ಹಿಂದೆಯೇ ತಿರುಗಿದೆ.

ನಾನು ಪುಸ್ತಕದಲ್ಲಿ ಓದಿದ್ದೆಲ್ಲ ಅವನ ಕಾಲಿಗೇ ಗೊತ್ತಿತ್ತು. ಯಾವ ಹಳ್ಳದಲ್ಲಿ ತೋಳ ನೀರಿಗೆ ಬರುತ್ತದೆ, ಯಾವ ಬಂಡೆಯ ಕೆಳಗೆ ಮರಿ ಹಾಕುತ್ತದೆ, ಎಲ್ಲಾ. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಮಂದೆಯನ್ನು ಹತ್ತಿರದ ದಾರಿ ಬಿಟ್ಟು ಸುತ್ತು ಹಾಕಿಸಿ ಹೊಡೆದುಕೊಂಡು ಹೊರಟ. ಯಾಕೆಂದು ಕೇಳಿದ್ದಕ್ಕೆ ದನಿ ತಗ್ಗಿಸಿ, "ಅಲ್ಲಿ ಬಾಣಂತಿ ಐತೆ. ಸುಮ್ನೆ ಬಾ" ಅಂದ. ತೋಳಕ್ಕೆ ಬಾಣಂತಿ ಎನ್ನುವುದನ್ನು ನಾನು ಅದೇ ಮೊದಲು ಕೇಳಿದ್ದು. ಮರಿಗಳು ಓಡಾಡುವವರೆಗೂ ಹಟ್ಟಿಯವರು ಯಾರೂ ಆ ಕಡೆ ನಾಯಿ ಬಿಡುತ್ತಿರಲಿಲ್ಲ. ಆ ತೋಳವೇ ಮುಂದೆ ಅವರ ಕುರಿಮರಿ ಹೊತ್ತೊಯ್ಯುತ್ತಿತ್ತು. ಆಗ ಬೈದುಕೊಳ್ಳುವುದೂ ಇತ್ತು, ಅತ್ತದ್ದನ್ನೂ ನೋಡಿದ್ದೇನೆ. ಆದರೆ ವಿಷ ಇಡುವ ಮಾತು ಮಾತ್ರ ಹಟ್ಟಿಯಲ್ಲಿ ಬರುತ್ತಿರಲಿಲ್ಲ. ಅದರ ಪಾಲು ಅದು ತಗೊಂಡು ಹೋಯ್ತು ಎನ್ನುತ್ತಿದ್ದರು, ಅಷ್ಟೆ.

ನಾನು ಗುರುತು ಹಾಕಿಕೊಂಡ ಲೆಕ್ಕಗಳೂ ಅದನ್ನೇ ಹೇಳುತ್ತಿದ್ದವು. ಕುರಿ ಮೇಯುವ ಕಡೆ ಹುಲ್ಲುಗಾವಲು ಬಯಲಾಗಿಯೇ ಉಳಿದಿತ್ತು, ತೋಳ ಅಲ್ಲೇ ಇತ್ತು. ಕುರಿ ಬರುವುದು ನಿಂತ ಕಡೆ ಬಳ್ಳಾರಿ ಜಾಲಿ ಹಬ್ಬಿ, ಮೊಲಕ್ಕೂ ಜಾಗವಿರಲಿಲ್ಲ. ಇದನ್ನೆಲ್ಲ ನಾಲ್ಕು ಅಧ್ಯಾಯಗಳಲ್ಲಿ ಅಚ್ಚುಕಟ್ಟಾಗಿ ಬರೆದೆ. ಅಲ್ಲಿಗೆ ನಿಲ್ಲಿಸಿದ್ದರೆ...

ಆದರೆ ಪ್ರಬಂಧ ಎಂದ ಮೇಲೆ ಕೊನೆಗೆ ಶಿಫಾರಸುಗಳು ಇರಬೇಕು. ನಮ್ಮ ವಿಭಾಗದಲ್ಲಿ ಅದನ್ನು ಅಧ್ಯಾಯ ಎಂದು ಯಾರೂ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಬೈಂಡಿಂಗ್‌ಗೆ ಕೊಡುವ ಹಿಂದಿನ ದಿನ ಬರೆಯುವ ಪುಟಗಳು ಅವು. ಎಲ್ಲರೂ ಹಾಗೇ ಮಾಡುತ್ತಿದ್ದರು, ನಾನೂ ಹಾಗೇ ಮಾಡಿದೆ. ಗ್ರಂಥಾಲಯದಿಂದ ಮೂರು ಹಳೆಯ ಪ್ರಬಂಧ ತಂದು ಮುಂದಿಟ್ಟುಕೊಂಡು ಅವುಗಳ ಧಾಟಿಯಲ್ಲೇ ಗೀಚಿದೆ. ಆವಾಸಸ್ಥಾನದ ರಕ್ಷಣೆಗಾಗಿ ಮೇಯಿಸುವುದನ್ನು ಸಂಪೂರ್ಣ ನಿಷೇಧಿಸಬೇಕು, ಸುತ್ತಲೂ ಕಂದಕ ತೋಡಬೇಕು, ಸಸಿ ನೆಡಬೇಕು. ನಾನೇ ನಾಲ್ಕು ಅಧ್ಯಾಯ ಕಷ್ಟಪಟ್ಟು ಹೇಳಿದ್ದಕ್ಕೆ ಇದು ತದ್ವಿರುದ್ಧ ಎಂದು ನನಗೆ ಹೊಳೆಯಲಿಲ್ಲ. ನನ್ನ ಮಾರ್ಗದರ್ಶಕರಿಗೂ ಹೊಳೆಯಲಿಲ್ಲ, ಪರೀಕ್ಷಕರಿಗೂ ಇಲ್ಲ. ಮೌಖಿಕ ಪರೀಕ್ಷೆ ಮುಗಿದ ಮೇಲೆ ಎಲ್ಲರಿಗೂ ಮೈಸೂರ್ ಪಾಕು ಹಂಚಿದೆ.

ಆ ಪುಟಗಳನ್ನು ಯಾರಾದರೂ ಓದುತ್ತಾರೆಂದು ಯಾರು ಅಂದುಕೊಂಡಿದ್ದರು? ಓದಿದರು. ಒಂದೂವರೆ ವರ್ಷದ ಮೇಲೆ ಕಂದಕ ತೋಡಲು ಅರಣ್ಯ ಇಲಾಖೆಯ ಜೆಸಿಬಿ ಗುಡ್ಡಕ್ಕೆ ಬಂತು, ಕುರಿ ಬಿಡುವುದಕ್ಕೆ ತಡೆ ಬಿತ್ತು. ಯೋಜನೆಯ ಕಡತದಲ್ಲಿ ಆಧಾರವಾಗಿ ನನ್ನ ಪುಟಗಳ ಜೆರಾಕ್ಸ್ ಲಗತ್ತಾಗಿತ್ತು. ಅಷ್ಟರಲ್ಲಿ ನನಗೆ ವಿಶ್ವವಿದ್ಯಾಲಯದ ಚಿತ್ರದುರ್ಗ ಕೇಂದ್ರದಲ್ಲೇ ಕೆಲಸ ಸಿಕ್ಕಿತ್ತು, ಇನ್ನೂ ಕಾಯಂ ಆಗಿರಲಿಲ್ಲ.

ಒಂದು ಮಧ್ಯಾಹ್ನ ತರಗತಿ ಮುಗಿಸಿ ಬಂದರೆ ನನ್ನ ಕೋಣೆಯ ಬಾಗಿಲಲ್ಲಿ ಅಜ್ಜ ನಿಂತಿದ್ದ. ಹಿರಿಯೂರಿಗೊಂದು ಬಸ್ಸು, ಅಲ್ಲಿಂದ ಚಿತ್ರದುರ್ಗಕ್ಕೊಂದು ಹಿಡಿದು ಬಂದಿದ್ದ. ಹೆಗಲ ಮೇಲೆ ಕಂಬಳಿ, ಮೆಟ್ಟನ್ನು ಹೊರಗೇ ಬಿಟ್ಟಿದ್ದ. ಕುರ್ಚಿ ಎಳೆದು ಕೊಟ್ಟರೂ ತುದಿಯಲ್ಲೇ ಕೂತ. ರುಮಾಲಿನ ಗಂಟು ಬಿಚ್ಚಿ, ಮಡಿಸಿದ ಕಾಗದವೊಂದನ್ನು ನನ್ನ ಮೇಜಿನ ಮೇಲೆ ಹರವಿದ. ನನ್ನದೇ ಇಂಗ್ಲಿಷಿನ ಪುಟ.

"ಪಂಚಾಯ್ತಿನಾಗೆ ಕೊಟ್ರು. ನೀನೇ ಬರ್ದಿದ್ದಂತೆ. ನಮ್ಮ ವಿಚಾರ ಏನ್ ಬರ್ದೀಯವ್ವ, ಓದಿ ಹೇಳು."

ನಾನು ಓದಿದೆ. ದನಿ ತಡವರಿಸಲಿಲ್ಲ. ಇಂಗ್ಲಿಷಿನ ಸಾಲಿನ ಮೇಲೆ ಬೆರಳಾಡಿಸುತ್ತಾ, ಅಲ್ಲಿ ಇಲ್ಲದ್ದನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಹಟ್ಟಿಯವರು ತಲೆತಲಾಂತರದಿಂದ ತೋಳದ ಜೊತೆ ಬಾಳಿದ್ದಾರೆ, ಅವರ ಕುರಿ ಮೇಯುವುದರಿಂದಲೇ ಈ ಗುಡ್ಡ ಉಳಿದಿದೆ, ಅವರನ್ನು ತಡೆಯಬಾರದು... ಬರೆಯಬೇಕಾಗಿದ್ದು ಅದನ್ನೇ. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಗೆ ಬಂತೋ ಏನೋ.

ಅಜ್ಜ ನನ್ನ ಮುಖವನ್ನೇ ನೋಡುತ್ತಾ ಪೂರ್ತಿ ಕೇಳಿದ. "ಆಯ್ತು ಬಿಡವ್ವ" ಎಂದು ಕಾಗದ ಮಡಿಸಿದ. ತರಿಸಿಕೊಟ್ಟ ಚಹಾ ಕುಡಿದ. ಹೋಗುವಾಗ ತಲೆ ಸವರಿ, "ಚೆನ್ನಾಗಿರು" ಅಂದ. ಬಸ್ ನಿಲ್ದಾಣದವರೆಗೂ ಬರುತ್ತೇನೆಂದರೆ ಬೇಡವೆಂದ. ಅವನು ಮೆಟ್ಟಿಲಿಳಿದ ಮೇಲೆ ನನಗೆ ಆದದ್ದು ದುಃಖವಲ್ಲ. ಬದುಕಿಕೊಂಡೆ ಅನ್ನಿಸಿತು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಆಗ ಅನ್ನಿಸಿದ್ದು ಅದೇ.

ಆಮೇಲೆ ನಾನು ಆ ಕಡೆ ತಲೆ ಹಾಕಲಿಲ್ಲ. ಹೋಗದಿರಲು ನೆಪಗಳೇನು ಕಡಿಮೆಯೇ? ಆರು ವರ್ಷದ ಮೇಲೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಅದೇ ಗುಡ್ಡಕ್ಕೆ ಹೋಗಲೇಬೇಕಾಯಿತು. ಕಂದಕ ಅರ್ಧ ಹೂತುಹೋಗಿತ್ತು. ನೆಟ್ಟ ಸಸಿಗಳಲ್ಲಿ ಉಳಿದದ್ದು ಕಮ್ಮಿ, ಜಾಲಿ ಮಾತ್ರ ಆಳೆತ್ತರ ಬೆಳೆದಿತ್ತು. ಬಂಡೆಯ ಕೆಳಗಿನ ಬಿಲದ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಮಕ್ಕಳನ್ನು ನೆರಳಲ್ಲಿ ಕೂರಿಸಿ ಹಟ್ಟಿಗೆ ಹೋದೆ. ಅಜ್ಜನ ಸೊಸೆ ಗುರುತು ಹಿಡಿದು, "ಬರ್ರಿ, ಕುಂತ್ಕಳ್ರಿ" ಎಂದು ಮಜ್ಜಿಗೆ ಕೊಟ್ಟಳು. ಗುಡ್ಡ ಮುಚ್ಚಿದ ವರ್ಷವೇ ಅಜ್ಜ ಮಂದೆ ಮಾರಿದನಂತೆ. ಅದರ ಮರುವರ್ಷ ತೀರಿಹೋದನಂತೆ.

ಏನಾದರೂ ಹೇಳಬೇಕಲ್ಲ ಎಂದು, ಅವತ್ತು ಅಜ್ಜ ಆ ಪುಟ ಓದಿಸಿಕೊಳ್ಳಲು ನನ್ನಲ್ಲಿಗೆ ಬಂದಿದ್ದ ಎಂದೆ.

"ಓದ್ಸಾಕಲ್ರಿ," ಅಂದಳು ಸೊಸೆ. "ನಮ್ಮ ಮಗಳು ಕಾಲೇಜಿಗೆ ಹೋಗ್ತಿದ್ಲಲ್ಲ, ಅವಳ ಕೈಲಿ ಮುಂಚೆನೇ ಎಲ್ಡು ಸಲ ಓದ್ಸಿದ್ದ. ಅದ್ರಾಗೆ ಏನೈತೆ ಅಂತ ಗೊತ್ತಿತ್ತು. ಆಯಮ್ಮ ತಿಳೀದೆ ಬರ್ದೈತೆ, ತಪ್ಪಾಗೈತೆ ಅಂತ ಒಂದು ಕಾಗದ ಕೊಡ್ತೈತೆ, ಇಸ್ಕಂಡು ಬತ್ತೀನಿ ಅಂತ ಹೋಗಿದ್ದ." ಲೋಟ ಎತ್ತಿಕೊಂಡು ಮತ್ತೆ ಹೇಳಿದಳು. "ಬರಿಗೈಲಿ ಬಂದ. ಯಾಕೆ ಕೇಳ್ಲಿಲ್ಲ ಅಂದ್ರೆ, ಹೆಂಗ್ ಕೇಳ್ಲಿ, ಆ ಹುಡುಗಿ ಮಖ ನೋಡಾಕಾಗ್ಲಿಲ್ಲ ಅಂದ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ನನ್ನ ವಿದ್ಯಾರ್ಥಿಗಳಿಗೆ ಒಂದು ನಿಯಮ ಮಾಡಿದ್ದೇನೆ. ಶಿಫಾರಸಿನ ಅಧ್ಯಾಯವನ್ನು ಮೊದಲು ಕನ್ನಡದಲ್ಲಿ ಬರೆಯಬೇಕು, ಯಾರ ಬಗ್ಗೆ ಬರೆದಿದ್ದಾರೋ ಅವರ ಮುಂದೆ ಓದಿ ಬರಬೇಕು, ಆಮೇಲೆಯೇ ನನ್ನ ಸಹಿ. ಮೇಡಂದು ಒಂದು ಹುಚ್ಚು ಎಂದು ಅವರು ಬೆನ್ನ ಹಿಂದೆ ಆಡಿಕೊಳ್ಳುವುದು ನನಗೆ ಗೊತ್ತು. ಕಾರಣ ಮಾತ್ರ ಯಾರಿಗೂ ಹೇಳಿಲ್ಲ.

ಅಜ್ಜ ಇಸಿದುಕೊಳ್ಳಲು ಬಂದಿದ್ದ ಆ ಕಾಗದವನ್ನೂ ನಿನ್ನೆ ಬರೆದೆ. ನನ್ನ ಶಿಫಾರಸು ತಪ್ಪು, ನನ್ನ ಅಧ್ಯಯನವೇ ಅದಕ್ಕೆ ವಿರುದ್ಧವಾಗಿದೆ, ಮೇಯಿಸುವುದಕ್ಕೆ ಅವಕಾಶ ಕೊಡಬೇಕು ಎಂದು. ಮುಕ್ಕಾಲು ಪುಟವೂ ಆಗಲಿಲ್ಲ. ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಇವತ್ತು ಬೆಳಿಗ್ಗೆ ಅರಣ್ಯ ಇಲಾಖೆಯ ಕಚೇರಿಗೆ ಒಯ್ದು ಕೊಟ್ಟಾಗ ಅಲ್ಲಿನ ಗುಮಾಸ್ತ ಎರಡು ಸಲ ಓದಿ, ಮರ್ಯಾದೆಯಿಂದಲೇ ಕೇಳಿದ, "ಅಲ್ಲಿ ಈಗ ಕುರಿ ಕಾಯೋರು ಯಾರಿದಾರೆ ಮೇಡಂ?"

ಯಾರೂ ಇಲ್ಲ ಎಂದೆ. ಆದರೂ ಮೊಹರು ಒತ್ತಿ ಒಂದು ಪ್ರತಿ ವಾಪಸ್ಸು ಕೊಟ್ಟ.