ಕನ್ನಪ್ಪ ಗೇರೆಣ್ಣೆ ಬಳಿದ ಅಟ್ಟ

ಬೂಟು ಹಾಕಿಕೊಂಡವರು ಕಟ್ಟಿಸಿದ್ದರ ಮೇಲೆ ಬರಿಗಾಲಿನವರು ನಡೆಯಬೇಕಾಗಿ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ಹೆಮ್ಮನಗದ್ದೆಯ ಗುತ್ಯಮ್ಮನ ಬಲಗಾಲೇ ಸಾಕ್ಷಿ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದು ಹೊಳೆ ನಿಂತ ಮೇಲೆ ಅವಳ ತವರು ಆಚೆ ದಡಕ್ಕೆ ಬಿತ್ತು, ಗಂಡನ ಮನೆ ಈಚೆ ದಡದಲ್ಲಿ ಉಳಿಯಿತು. ಗಂಡ ಕನ್ನಪ್ಪ ಮೊದಲು ಅದೇ ಹೊಳೆಯಲ್ಲಿ ದೋಣಿ ದಾಟಿಸುತ್ತಿದ್ದವನು. ಸರ್ಕಾರದವರು ಲಾಂಚು ಬಿಟ್ಟಾಗ ಅದು ಬಂದು ನಿಲ್ಲುವಲ್ಲಿ ಹಗ್ಗ ಕಟ್ಟುವ ಕೆಲಸ ಅವನಿಗೆ ಸಿಕ್ಕಿತು. ಅಲ್ಲಿ ಖಾಲಿ ಪೀಪಾಯಿಗಳ ಮೇಲೆ ಮತ್ತಿ ಮರದ ಹಲಗೆ ಜೋಡಿಸಿದ ತೇಲುವ ಅಟ್ಟವೊಂದಿತ್ತು. ನೀರು ಏರಿದರೆ ತಾನೂ ಏರುವುದು, ಇಳಿದರೆ ಇಳಿಯುವುದು. ದಡದಿಂದ ಅದರ ಮೇಲೆ ಇಪ್ಪತ್ತು ಹೆಜ್ಜೆ ನಡೆದರೆ ಲಾಂಚು.

ಅರವತ್ತಾರನೇ ಇಸವಿಯ ಬೇಸಿಗೆಯಲ್ಲಿ ಮೇಲಿನ ಆಫೀಸಿನಿಂದ ವಾರ್ನಿಷ್ ಡಬ್ಬಗಳು ಬಂದವು. ಹಲಗೆ ಮಳೆಗೆ ಕೊಳೆಯದಂತೆ ಬಳಿಯಬೇಕು ಎಂದು ಅಪ್ಪಣೆ. ಕನ್ನಪ್ಪ ಮೂರು ದಿನ ಕೂತು ಬಳಿದ. ಅಟ್ಟ ಕನ್ನಡಿಯಂತೆ ಹೊಳೆಯಿತು. ಊರವರೆಲ್ಲ ಬಂದು ನೋಡಿ ಹೊಗಳಿದ್ದಕ್ಕೆ ಅವನು ಉಬ್ಬಿಹೋದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಆಗ ಯಾರಿಗೂ ನೆನಪಾಗಲಿಲ್ಲ. ಮೃಗಶಿರ ಮಳೆಯ ಮೊದಲ ದಿನ ತವರಿಗೆ ಹೊರಟ ಗುತ್ಯಮ್ಮ ಆ ಅಟ್ಟದ ಮೇಲೆ ಏಳನೆಯ ಹೆಜ್ಜೆಗೆ ಜಾರಿ ಬಿದ್ದಳು. ಮಂಡಿಯ ಕೆಳಗೆ ಮೂಳೆ ಮುರಿಯಿತು. ನಾಟಿ ವೈದ್ಯರು ಬಿದಿರು ದಬ್ಬೆ ಕಟ್ಟಿದರು. ಮೂಳೆಯೇನೋ ಕೂಡಿತು, ಆದರೆ ಕಾಲು ಒಂದಂಗುಲ ಗಿಡ್ಡವಾಯಿತು.

ಅಂದಿನಿಂದ ಅವಳು ಆ ಅಟ್ಟವನ್ನು ಮೆಟ್ಟಲಿಲ್ಲ. ತವರಿನಲ್ಲಿ ತಾಯಿ ಹಾಲಮ್ಮನ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಪೂರ್ತಿ ಹೋಗುವುದರೊಳಗೆ ಒಮ್ಮೆ ಮಗಳ ಮುಖ ನೋಡಬೇಕು ಎಂದು ಲಾಂಚಿನವರ ಕೈಲಿ ಹೇಳಿ ಕಳಿಸುತ್ತಲೇ ಇದ್ದಳು. ಬೆನ್ನ ಮೇಲೆ ಹೊತ್ತು ದಾಟಿಸುತ್ತೇನೆ ಎಂದು ಕನ್ನಪ್ಪ ಎಷ್ಟೋ ಸಲ ಅಂಗಲಾಚಿದ.

"ಹೆಣ ಹೊತ್ತಂಗೆ ಹೊತ್ಕಂಡು ಹೋಗ್ತೀರಾ? ಹೋದ್ರೆ ನನ್ ಕಾಲಾಗೇ ಹೋಗ್ತೀನಿ," ಎಂದಳು ಗುತ್ಯಮ್ಮ. ಹಟ ಎಂದರೆ ಹಟ.

ಅವಳು ಗಂಡನನ್ನು ಬೈದವಳಲ್ಲ. ಆದರೆ ನಿಮ್ಮ ತಪ್ಪಲ್ಲ ಎಂದೂ ಹೇಳಲಿಲ್ಲ. ಹೇಳಬೇಕು ಅಂತ ಬಾಯಿಗೆ ಬಂದಾಗಲೆಲ್ಲ ಕಾಲು ನೋಯುತ್ತಿತ್ತು, ಮಾತು ಹಿಂದಕ್ಕೆ ಹೋಗುತ್ತಿತ್ತು. ಕನ್ನಪ್ಪನೂ ಏನೂ ಕೇಳಲಿಲ್ಲ. ದಿನಾ ಸಂಜೆ ಎಣ್ಣೆ ಬಿಸಿ ಮಾಡಿ ಅವಳ ಕಾಲು ನೀವುತ್ತಿದ್ದ, ಅಷ್ಟೇ.

ಆಮೇಲೆ ಅವನು ಮಾಡಿದ್ದನ್ನು ನೋಡಿ ಊರವರು ಇವನ ತಲೆ ಕೆಟ್ಟಿದೆ ಎಂದರು. ಬಚ್ಚಲ ಹಿಂದೆ ನಾಲ್ಕು ಮತ್ತಿ ಹಲಗೆ ಹಾಸಿದ. ಒಂದಕ್ಕೆ ಹೊಂಗೆ ಎಣ್ಣೆ, ಒಂದಕ್ಕೆ ಡಾಂಬರು, ಒಂದಕ್ಕೆ ಉಳಿದಿದ್ದ ವಾರ್ನಿಷ್. ನಾಲ್ಕನೆಯದಕ್ಕೆ ಗೇರುಬೀಜದ ಸಿಪ್ಪೆಯಿಂದ ಇಳಿಸುವ ಕರಿ ಎಣ್ಣೆ, ಅದೇ ಗೇರೆಣ್ಣೆ. ಅವನ ಅಪ್ಪ ದೋಣಿಗೆ ಬಳಿಯುತ್ತಿದ್ದುದು ಅದನ್ನೇ. ಮಳೆಗಾಲ ಪೂರ್ತಿ, ಮಳೆ ಬಿಟ್ಟ ಮೇಲೂ ನೀರು ಹೊಯ್ದು ಹೊಯ್ದು, ತುಂಬಿದ ಕೊಡ ಹೆಗಲಿಗಿಟ್ಟುಕೊಂಡು ಆ ಹಲಗೆಗಳ ಮೇಲೆ ನಡೆದ. ಎಷ್ಟು ಸಲ ಬಿದ್ದ, ಎಷ್ಟು ಕೊಡ ಒಡೆದ ಎನ್ನುವುದು ಗುತ್ಯಮ್ಮನಿಗೆ ಮಾತ್ರ ಗೊತ್ತು. ಬಿದ್ದಾಗಲೆಲ್ಲ ಅಡಿಗೆಮನೆಯ ಕಿಟಕಿಯ ಕಡೆ ಕಳ್ಳನಂತೆ ನೋಡುತ್ತಿದ್ದ. ಅವಳು ನೋಡದವಳಂತೆ ಒಲೆ ಊದುತ್ತಿದ್ದಳು. ನಗುವೂ ಬರುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು.

ಹೊಂಗೆ ಎಣ್ಣೆಯ ಹಲಗೆಗೆ ಗೌರಿಹಬ್ಬದ ಹೊತ್ತಿಗೆ ಹಸಿರು ಪಾಚಿ ಕಟ್ಟಿತು. ಡಾಂಬರಿನದು ಮಳೆಯಲ್ಲಿ ಗಟ್ಟಿಯಾಗಿಯೇ ಇತ್ತು, ಬಿಸಿಲು ಬಿದ್ದಿದ್ದೇ ಕರಗಿ ಅಂಗಾಲಿಗೆ ಅಂಟಿ ಸುಟ್ಟಿತು. ವಾರ್ನಿಷ್ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಗೇರೆಣ್ಣೆಯ ಹಲಗೆಗೆ ಪಾಚಿಯೂ ಇಲ್ಲ, ಒರಲೆ ಹುಳವೂ ಇಲ್ಲ. ಆದರೂ ನೀರು ಬಿದ್ದರೆ ಸ್ವಲ್ಪ ನುಣುಪು. ಆ ಸ್ವಲ್ಪವೇ ಅವನನ್ನು ತಿಂದುಹಾಕಿತು.

ಒಂದು ಮಧ್ಯಾಹ್ನ ಗುತ್ಯಮ್ಮ ಹಾವುಮೀನು ಹೆಚ್ಚಲು ಕೂತಿದ್ದಳು. ಕೈಗೆ ಸಿಕ್ಕದೆ ನುಣುಚುವ ಆ ಮೀನಿಗೆ ಒಲೆಯ ಬೂದಿ ಸವರಿ ಗಟ್ಟಿಯಾಗಿ ಹಿಡಿದಳು. ಬಾಗಿಲಲ್ಲಿ ಮುಖ ಬಾಡಿಸಿಕೊಂಡು ಕೂತ ಗಂಡನನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಮೀನು ಜಾರ್ತದೆ ಅಂತ ಮೀನಿನ ಚರ್ಮ ಬದಲು ಮಾಡ್ತಾರಾ? ಬೂದಿ ಹಾಕ್ತಾರೆ. ನಿಮ್ ಹಲಗೀಗೂ ಎಣ್ಣೆ ಹಸಿ ಇದ್ದಾಗ್ಲೇ ಎಂತಾರ ಉದುರ್ಸಿ."

ಕನ್ನಪ್ಪ ಎದ್ದವನೇ ಜರಡಿ ತೆಗೆದುಕೊಂಡು ಮರಳು ತರಲು ಓಡಿದ. ಮೀನು ಬೆಂದು ತಣ್ಣಗಾದರೂ ಊಟಕ್ಕೆ ಬರಲಿಲ್ಲ.

ಯುಗಾದಿ ಕಳೆದು ಓವರ್‌ಸಿಯರ್ ಗಣೇಶಮೂರ್ತಿ ಹೊಸ ವಾರ್ನಿಷ್ ಡಬ್ಬಗಳ ಜೊತೆ ಬಂದರು. ಕನ್ನಪ್ಪ ಅವರನ್ನು ನೇರವಾಗಿ ಬಚ್ಚಲ ಹಿಂದಕ್ಕೆ ಕರೆತಂದ. ಗುತ್ಯಮ್ಮ ಕಿಟಕಿಯಲ್ಲಿ ನಿಂತಳು.

"ಸ್ವಾಮಿ, ಬೂಟು ಬಿಚ್ಚಿ ಇದರ ಮ್ಯಾಲೆ ಒಂದ್ಸಲ ನಡೀರಿ," ಎಂದ, ವಾರ್ನಿಷ್ ಹಲಗೆಯ ಮೇಲೆ ಎರಡು ತಂಬಿಗೆ ನೀರು ಹೊಯ್ದು.

ಹಗ್ಗ ಕಟ್ಟುವವನು ಓವರ್‌ಸಿಯರಿಗೆ ಬೂಟು ಬಿಚ್ಚಲು ಹೇಳುವುದೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. ಇದ್ದ ಕೆಲಸವೂ ಹೋಯಿತು ಎಂದುಕೊಂಡಳು ಗುತ್ಯಮ್ಮ. ಗಣೇಶಮೂರ್ತಿಯವರ ಮುಖ ಕೆಂಪಾಯಿತು. ಬಾಯಿ ತೆರೆದವರು, ಕಿಟಕಿಯ ಕಂಬಿ ಹಿಡಿದು ವಾಲಿ ನಿಂತಿದ್ದ ಹೆಂಗಸನ್ನು ಕಂಡು ಅಲ್ಲೇ ಬಗ್ಗಿದರು. ಬೂಟು ಬಿಚ್ಚಿದರು. ಎರಡನೆಯ ಹೆಜ್ಜೆಗೇ ಕಾಲು ಜಾರಿ ಕನ್ನಪ್ಪನ ಕೊರಳಿಗೆ ಜೋತುಬಿದ್ದರು. ಆಮೇಲೆ ಮರಳು ಕೂತ ಗೇರೆಣ್ಣೆಯ ಹಲಗೆಯ ಮೇಲೆ ಅತ್ತಿಂದಿತ್ತ ನಾಲ್ಕು ಸಲ ನಡೆದರು.

"ಆಯ್ತು ಮಾರಾಯ, ಗೇರೆಣ್ಣೇನೇ ಬಳಿ. ಕಾಗದದಲ್ಲಿ ನಾನು ಬರೀತೀನಿ," ಎಂದು ಬೂಟನ್ನು ಕೈಯಲ್ಲೇ ಹಿಡಿದು ಹೊರಟರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು.

ಆದರೆ ಗೇರೆಣ್ಣೆ ಸುಮ್ಮನೆ ಒಲಿಯುವ ವಸ್ತುವಲ್ಲ. ಹಸಿಯಿದ್ದಾಗ ಮೈಗೆ ತಗುಲಿದರೆ ಬೊಕ್ಕೆ ಏಳುತ್ತದೆ. ಮೂರು ಕೈ ಬಳಿದು ಇಪ್ಪತ್ತೊಂದು ದಿನ ಬಿಸಿಲಿಗೆ ಬಿಟ್ಟರೇ ಬರಿಗಾಲಿಗೆ ಯೋಗ್ಯ ಎಂದು ಕನ್ನಪ್ಪನ ಲೆಕ್ಕ. ಅಟ್ಟವನ್ನು ದಡಕ್ಕೆ ಎಳೆಸಿ ಕಲ್ಲುಗಳ ಮೇಲೆ ಕೂರಿಸಿದ. ಮದುವೆಗಳ ಕಾಲ. ಲಾಂಚು ಮೊಣಕಾಲುದ್ದ ನೀರಿನಲ್ಲಿ ನಿಲ್ಲಬೇಕು, ಜನ ಕೆಸರಿನಲ್ಲಿ ಇಳಿಯಬೇಕು. ಬೈಗುಳದ ಮಳೆಯೇ ಸುರಿಯಿತು.

ಕನ್ನಪ್ಪ ಯಾರಿಗೂ ಎದುರಾಡಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿ ನಿಂತು ಮುದುಕರನ್ನು, ಬಸುರಿಯರನ್ನು, ಬಾಸಿಂಗ ಕಟ್ಟಿಕೊಂಡ ಮದುಮಗನನ್ನೂ ಬೆನ್ನ ಮೇಲೆ ಹೊತ್ತು ದಡ ಸೇರಿಸಿದ. ಬಿಡುವಿನಲ್ಲಿ ಎಣ್ಣೆ ಬಳಿದ, ಮರಳು ಉದುರಿಸಿದ. ಕೊಬ್ಬರಿ ಎಣ್ಣೆ ಸವರಿಕೊಂಡಿದ್ದರೂ ಮೊಣಕೈವರೆಗೆ ಬೊಕ್ಕೆ ಎದ್ದು ಚರ್ಮ ಸುಲಿಯಿತು. ಅನ್ನ ಕಲಸಲಾಗದ ಅವನಿಗೆ ಗುತ್ಯಮ್ಮನೇ ತುತ್ತು ಕೊಟ್ಟಳು. ಒಂದು ದಿನ ತುತ್ತು ಕೊಡುವಾಗಲೇ ಅವಳ ಕಣ್ಣಲ್ಲಿ ನೀರು ಬಂತು. ಖಾರ ಜಾಸ್ತಿ ಆಯಿತೇನೋ ಎಂದ ಆ ಮಹಾರಾಯ.

ಇಪ್ಪತ್ತೆರಡನೆಯ ದಿನ ಅಟ್ಟ ನೀರಿಗಿಳಿಯಿತು. ಕಪ್ಪಗೆ, ಒರಟಾಗಿ, ನೋಡಲು ಏನೇನೂ ಚೆಂದವಿಲ್ಲ. ಈ ಸಲ ಹೊಗಳಲು ಯಾರೂ ಬರಲಿಲ್ಲ. ಗುತ್ಯಮ್ಮನೂ ಬರಲಿಲ್ಲ. ಒಣಗಿದ ಹಲಗೆಯ ಮೇಲೆ ಯಾರು ಬೇಕಾದರೂ ನಡೆಯುತ್ತಾರೆ, ಮಳೆ ಬರಲಿ ಎಂದುಕೊಂಡಳು.

ಮಳೆ ಹಿಡಿದು ಮೂರು ದಿನವಾದ ಮೇಲೆ, ಒಂದು ಬೆಳಿಗ್ಗೆ ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ದಡಕ್ಕೆ ಬಂದಳು. ಹಲಗೆಯ ಮೇಲೆ ನೀರು ಹರಿಯುತ್ತಿತ್ತು. ಲಾಂಚು ನಿಂತಿತ್ತು, ಜನ ಹತ್ತಿಯಾಗಿತ್ತು. ಅವಳನ್ನು ಕಂಡು ಕನ್ನಪ್ಪ ಓಡಿಬಂದು ಕೈ ಚಾಚಿದ. ಅವಳು ಆ ಕೈಯನ್ನು ನೋಡಿದಳು. ಸುಲಿದ ಚರ್ಮ ಇನ್ನೂ ಪೂರ್ತಿ ಕೂಡಿರಲಿಲ್ಲ.

"ಸರೀರಿ," ಎಂದು ಅವನನ್ನು ದಾಟಿ ಹಲಗೆ ಮೆಟ್ಟಿದಳು.

ಆರು ಹೆಜ್ಜೆ ಇಟ್ಟು ನಿಂತಳು. ಏಳನೆಯದಕ್ಕೆ ಜೀವ ಬಾಯಿಗೆ ಬಂದಿತ್ತು. ಇಟ್ಟಳು. ಹಲಗೆ ಅಂಗಾಲನ್ನು ಹಿಡಿದುಕೊಂಡಿತು. ಕುಂಟುತ್ತಲೇ ಇಪ್ಪತ್ತು ಹೆಜ್ಜೆ ಮುಗಿಸಿ ಲಾಂಚಿನ ಅಂಚು ಮುಟ್ಟಿದಳು. ಹತ್ತಲಿಲ್ಲ. ತಿರುಗಿ ಮತ್ತೆ ದಡದವರೆಗೆ ನಡೆದು ಬಂದಳು.

"ಗುತ್ಯಕ್ಕಾ, ಹೊತ್ತಾತು, ಹತ್ತೇ," ಎಂದು ಲಾಂಚು ನಡೆಸುವ ಬೆಳ್ಳಪ್ಪ ಕೂಗಿದ.

"ತಡಿಯೋ ತಮ್ಮಾ, ಇನ್ನೊಂದ್ಸಲ ನಡೀತೀನಿ."

ಮತ್ತೆ ನಡೆದಳು, ಈ ಸಲ ಬೇಗ ಬೇಗ. ಬೈಯಲು ಬಾಯಿ ತೆರೆದಿದ್ದ ಲಾಂಚಿನ ಜನ ಸರಿದು ಜಾಗ ಮಾಡಿದರು. ಕನ್ನಪ್ಪ ಅಟ್ಟದ ತುದಿಯಲ್ಲಿ ಹಗ್ಗದ ಗೂಟದ ಬಳಿ ಕೂತು, ಮಳೆಯ ನೀರೆನ್ನುವಂತೆ ಮುಖ ಒರೆಸಿಕೊಳ್ಳುತ್ತಿದ್ದ. ಅದು ಮಳೆಯಲ್ಲ ಎಂದು ಅವಳಿಗೆ ಗೊತ್ತಾಯಿತು. ಹತ್ತಿ ಕೂತ ಮೇಲೆ ಅವನತ್ತ ಬಾಗಿದಳು.

"ನಾ ಬಿದ್ದಿದ್ದು ನಿಮ್ ತಪ್ಪಲ್ಲ. ಅವತ್ತೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅದು ನನ್ ತಪ್ಪು."

ಕನ್ನಪ್ಪ ಹಗ್ಗ ಬಿಚ್ಚಿದ. ಲಾಂಚು ದಡ ಬಿಟ್ಟಿತು.

"ನಾಡಿದ್ದು ಬರ್ತೀನಿ," ಎಂದು ಅವಳು ಮಳೆಯೊಳಗಿಂದ ಕೂಗಿದಳು. "ಕೈ ಹಿಡಿಯಾಕೆ ಬರ್ಬ್ಯಾಡಿ. ಹಗ್ಗ ಹಿಡ್ಕಂಡಿರಿ, ಸಾಕು."