ಖಾಲಿಯಾಗದ ಖಾನೆಗಳಿಂದ ಬಂದ ಲೋಕಗಳು

ನನ್ನ ಅಕ್ಕ ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿದವಳು. ನಾನು ಅಲ್ಲೇ ಹಾಳೆ ಮಡಿಸಿ ಹೊಲಿಯುತ್ತಿದ್ದೆ. ನನ್ನ ಓದು ಅಷ್ಟಕ್ಕಷ್ಟೆ, ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಆದರೆ ಕಂಡದ್ದನ್ನು ಕಂಡ ಹಾಗೆ ಹೇಳಬಲ್ಲೆ. ಆಕಾಶದಾಚೆಯ ಜನರ ಕಾದಂಬರಿ ಬರೆಯುವ ಮೇಷ್ಟ್ರ ಹನ್ನೊಂದು ಪುಸ್ತಕಗಳಲ್ಲಿ ಆ ಜನಕ್ಕೂ ಅವರು ಹುಟ್ಟಿದ ಗ್ರಹಗಳಿಗೂ ಹೆಸರಿಟ್ಟವಳು ನನ್ನ ಅಕ್ಕ. ಮೇಷ್ಟ್ರಲ್ಲ.

ಮೊದಲ ಪುಸ್ತಕದಲ್ಲಿ ಅವರು ಆ ಜನರನ್ನು ‘ತಾರಾನರರು’ ಎಂದು ಬರೆದಿದ್ದರು. ಸಾಲಿಗೊಂದು ಸಲ ಅದೇ ಹೆಸರು. ಮೂರನೇ ಪುಟಕ್ಕೆ ರಕಾರದ ಮೊಳೆಗಳಿದ್ದ ಖಾನೆಯ ತಳ ಕಂಡಿತು. ಪುಟ ಅಚ್ಚಾಗಿ, ಬಿಚ್ಚಿ, ಮೊಳೆಗಳು ಖಾನೆಗೆ ಮರಳುವವರೆಗೆ ಕೈಕಟ್ಟಿ ಕೂರಬೇಕು.

“ಮೇಷ್ಟ್ರೇ, ಇರೋ ‘ರ’ನೆಲ್ಲ ನಿಮ್ಮೋರೇ ತಿಂದುಬಿಟ್ರು,” ಅಂದಳು ಅಕ್ಕ. “ಠ, ಢ, ಝ, ಘ ಖಾನೆ ತುಂಬ ಸುಮ್ನೆ ಬಿದ್ದಿವೆ. ಅವುಗಳಲ್ಲೇ ಹೆಸರಿಡ್ಲಾ?”

“ಏನಾದ್ರೂ ಇಡಮ್ಮ. ಸೋಮವಾರಕ್ಕೆ ಪುಸ್ತಕ ಕೈಗೆ ಸಿಕ್ರೆ ಸಾಕು.”

ಅಕ್ಕ ಏನಾದರೊಂದು ಇಡಲಿಲ್ಲ. ಊಟದ ಹೊತ್ತಲ್ಲೂ ಅದನ್ನೇ ಯೋಚಿಸಿದಳು. “ತಮ್ಮ ಮನೇನ ಯಾರಾದ್ರೂ ಹೆಸರು ಹಿಡಿದು ಕರೀತಾರೇನೆ? ಮನೆ ಅಂತಾರೆ, ಅಷ್ಟೆ. ಹೆಸರಿಡೋದು ಪಕ್ಕದೋರು, ಅದೂ ಜಗಳ ಆದ್ಮೇಲೆ,” ಅಂದಳು. ಹಾಗಾಗಿ ಆ ಗ್ರಹ ಅಲ್ಲಿನವರ ಬಾಯಲ್ಲಿ ಬರೀ ‘ಠಾ’, ಅಂದರೆ ಮನೆ; ಅವರು ‘ಝಿಠಾ’ಗಳು. ಶತ್ರುಗಳ ಬಾಯಲ್ಲಿ ಅದೇ ಗ್ರಹ ‘ಢಘೋ’. ಎರಡನೇ ಪುಸ್ತಕದಿಂದ ಮೇಷ್ಟ್ರು ಹೆಸರು ಬರಬೇಕಾದ ಕಡೆ ಬರೀ ಗೆರೆ ಎಳೆದು ಕಳಿಸತೊಡಗಿದರು.

ಮೊಳೆಗಳ ಕಾಲ ಹೋಯಿತು. ನನ್ನ ಯಜಮಾನರು ಹೋದ ಮೇಲೆ ನಾನು ಅಕ್ಕನ ಮನೆ ಸೇರಿದೆ. ಅವಳು ಕಿಟಕಿಯ ಬಳಿ ಕೂತು ಕೆಂಪು ಪೆನ್ಸಿಲ್ಲಿನಲ್ಲಿ ಕರಡು ತಿದ್ದುತ್ತಿದ್ದಳು. ಅವಳಿಗೆ ಉಳಿದಿದ್ದ ಸುಖ ಅದೊಂದೇ. ಹೋದ ತಿಂಗಳು ಮೇಷ್ಟ್ರ ಹನ್ನೊಂದೂ ಪುಸ್ತಕಗಳ ಮರುಮುದ್ರಣದ ಕರಡು ಬಂದಾಗ ಹುಡುಗಿಯ ಹಾಗೆ ಹಿಗ್ಗಿದಳು.

ಮೊದಲ ಪುಸ್ತಕದ ಕೊನೆಗೆ ಹೊಸದೊಂದು ಪುಟವಿತ್ತು. ಏಳು ವರ್ಷ ಪುರಾತನ ಭಾಷೆಗಳನ್ನು ಅಭ್ಯಾಸ ಮಾಡಿ, ಏಕಾಂತದಲ್ಲಿ ಕೇಳಿದ ನಾದದಿಂದ ಈ ಹೆಸರುಗಳನ್ನು ಪಡೆದೆ ಎಂದು ಮೇಷ್ಟ್ರು ಬರೆದುಕೊಂಡಿದ್ದರು. ಅಕ್ಕ ನನಗೆ ಓದಿ ಹೇಳಿ, ಅಂಚಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದಳು. ಬರೆದವರು ಉತ್ತರ ಕೊಡಬೇಕು ಎಂದು ಅದರ ಅರ್ಥ.

ನನಗೆ ಮೈಯೆಲ್ಲ ಉರಿಯಿತು. “ಅಡ್ಡಗೆರೆ ಎಳೆದು ಬಿಸಾಕೇ!”

“ಇನ್ನೊಬ್ರ ಮಾತು ಹೊಡೆದುಹಾಕೋಕೆ ನಾನ್ಯಾರು? ಹೌದೋ ಅಲ್ವೋ ಅವರೇ ಹೇಳ್ಲಿ.”

ಮೂರನೇ ದಿನ ಮೇಷ್ಟ್ರು ಬಂದರು. ಬಗಲಲ್ಲಿ ಹೊಸ ಕಾದಂಬರಿಯ ಹಸ್ತಪ್ರತಿ. ಕೂತು ಕರಡು ತಿರುವುತ್ತ ಆ ಚಿಹ್ನೆಯ ಮೇಲೆ ಬೆರಳಿಟ್ಟರು.

“ಇದೇನಮ್ಮ ಪ್ರಶ್ನೆ?”

“ನಿಜಾನಾ ಅಂತ ಕೇಳ್ದೆ ಮೇಷ್ಟ್ರೇ.”

ಅವರು ನಕ್ಕರು. “ಮೊಳೆ ಸಾಲ್ದೆ ಇಟ್ಟ ಹೆಸರು ಅಂದ್ರೆ ಪುಸ್ತಕಕ್ಕೆ ಮರ್ಯಾದೆ ಇರುತ್ತಾ?”

ನಾನು ನಡುವೆ ಬಾಯಿ ಹಾಕಿದೆ. “ಅಲ್ಲ ಸ್ವಾಮಿ, ಏಳು ವರ್ಷ ಕೂತ್ರೂ ನಿಮ್ಮ ನಾದದಲ್ಲಿ ಒಂದೇ ಒಂದು ‘ರ’ ಕೇಳಿಸ್ಲಿಲ್ವಾ?”

“ಪುಸ್ತಕ ಹೊಲಿಯೋರಿಗೆ ಇದೆಲ್ಲ ಯಾಕಮ್ಮ?” ಎಂದು, ಅಕ್ಕನ ಡಬ್ಬಿಯಿಂದಲೇ ರಬ್ಬರ್ ತೆಗೆದು, ಆ ಚಿಹ್ನೆಯನ್ನು ಉಜ್ಜಿ ಅಳಿಸಿದರು. ಕಸವನ್ನು ನಮ್ಮ ನೆಲದ ಮೇಲೆ ಊದಿದರು.

ಅಕ್ಕ ಎದ್ದಳು. ಹನ್ನೊಂದೂ ಕರಡುಗಳನ್ನು ಸೇರಿಸಿ, ದಾರ ಸುತ್ತಿ, ಗಂಟು ಬಿಗಿದು ಅವರ ತೊಡೆಯ ಮೇಲಿಟ್ಟಳು.

“ನನ್ನ ಪ್ರಶ್ನೆ ಅಳಿಸೋರ ಕೆಲಸ ನಾನು ಮಾಡಲ್ಲ.”

“ಅಯ್ಯೋ, ಹೊಸದರಲ್ಲಿ ಹೆಸರುಗಳಿಗೆ ಜಾಗ ಬಿಟ್ಟಿದ್ದೀನಲ್ಲಮ್ಮ...”

“ಈಗ ಕಂಪ್ಯೂಟರಿನಲ್ಲಿ ಎಲ್ಲಾ ಅಕ್ಷರಾನೂ ಇದೆ. ನೀವೇ ಇಟ್ಕೊಳ್ಳಿ.”

ಅವರು ಮೆಟ್ಟಿಲಿಳಿಯುವಾಗ ಬೀದಿಗೆಲ್ಲ ಕೇಳುವ ಹಾಗೆ ಉಗಿಯಬೇಕೆಂದು ನಾನು ಹೊರಟೆ. ಅಕ್ಕ ಸೆರಗು ಹಿಡಿದು ಎಳೆದಳು.

“ನಿಂಗೆ ಸಿಟ್ಟೇ ಬರಲ್ವೇನೇ?” ಎಂದು ಕಿರುಚಿದೆ.

“ಬಂದಿದ್ದಕ್ಕೇ ಕಣೇ ಕೊಟ್ಟು ಕಳಿಸಿದ್ದು.”

ಮೊದಲ ಪುಸ್ತಕ ಮತ್ತೆ ಅಚ್ಚಾಗಿದೆ. ಆ ಪುಟ ಹಾಗೇ ಇದೆಯಂತೆ. ಕರಡು ತಿದ್ದಲು ಕೂರುತ್ತಿದ್ದ ಕಿಟಕಿಯ ಬಳಿಯ ಕುರ್ಚಿಯನ್ನು ಅಕ್ಕ ಒಳಗಿನ ಕೋಣೆಗೆ ಸಾಗಿಸಿದ್ದಾಳೆ.